ಅಥಣಿ ರಸ್ತೆಯ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ

ತಿಕೋಟಾ, ಬಬಲೇಶ್ವರ ಸೀಮೆಯ ಹಿರಿಯರೇ,

ಔಷಧ ರಸಾಯನಶಾಸ್ತ್ರ ಓದುತ್ತೇನೆಂದು ಮಗಳು ಹೇಳಿದಾಗ ನಿಮ್ಮಲ್ಲಿ ಹಲವರು ಕೇಳುವುದುಂಟು: 'ಓದಿ ಮೆಡಿಕಲ್ ಅಂಗಡಿ ಹಾಕ್ತಾಳೇನು?' ಅಂಗಡಿಗೆ ಬೇಕಾದದ್ದು ಫಾರ್ಮಸಿ ಡಿಪ್ಲೊಮಾ ಇಲ್ಲವೇ ಪದವಿ. ನಾವು ಕಲಿಸುವುದು ಗುಳಿಗೆ ಅಂಗಡಿಗೆ ಬರುವ ಮುಂಚಿನ ಕೆಲಸ: ಅದರೊಳಗಿನ ಮದ್ದನ್ನು ತಯಾರಿಸುವುದು, ಅದು ಶುದ್ಧವೋ ಅಲ್ಲವೋ ಎಂದು ಒರೆಹಚ್ಚಿ ನೋಡುವುದು.

ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲನ್ನೇ ತಗೊಳ್ಳಿ. ಪ್ಯಾರಾ-ಅಮಿನೋಫೀನಾಲ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಿದರೆ ಅದು ಸಿಗುತ್ತದೆ. ಆದರೆ ಆ ಅಮಿನೋಫೀನಾಲ್ ಮಾತ್ರೆಯಲ್ಲಿ ಮಿತಿಮೀರಿ ಉಳಿಯಬಾರದು, ಅದು ಮೂತ್ರಪಿಂಡಕ್ಕೆ ಕುತ್ತು. ಅದಕ್ಕೇ ನಮ್ಮಲ್ಲಿ ಓದುವ ಹುಡುಗಿ ತಯಾರಾದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ತಣಿಸಿ, ಹರಳುಗಟ್ಟಿಸಿ, ಸೋಸಿ ಒಣಗಿಸುತ್ತಾಳೆ. ಸಣ್ಣ ಗಾಜಿನ ನಳಿಗೆಗೆ ಚೂರು ತುಂಬಿ ಕಾಯಿಸುತ್ತಾ, ಕಣ್ಣು ಕೀಳದೆ ನೋಡುತ್ತಾಳೆ. 170 ಡಿಗ್ರಿಯ ಆಸುಪಾಸಿನಲ್ಲಿ ಥಟ್ಟನೆ ಕರಗಿದರೆ ಸರಿ. ಮೊದಲೇ ಮೆತ್ತಗಾಗಿ ನಿಧಾನಕ್ಕೆ ಕರಗಿದರೆ ಬೇರೇನೋ ಬೆರೆತಿದೆ ಎಂದರ್ಥ; ಮತ್ತೆ ಮೊದಲಿನಿಂದ ಶುರು.

ಈ ಎಚ್ಚರ ಎಷ್ಟು ದೊಡ್ಡದು ಎಂಬುದನ್ನು ಬಳ್ಳಾರಿ ಕಲಿಸಿದೆ. 2024ರ ಕೊನೆಯಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆಯೇ ಸಂಶಯ ಎದ್ದಿತು. ಬಾಟಲಿ ವಾರ್ಡಿಗೆ ಹೋಗುವ ಮೊದಲು ಪರೀಕ್ಷಿಸಿ 'ಇದು ಬೇಡ' ಎನ್ನಬಲ್ಲವರು ನಾಡಿಗೆ ಬೇಕು. ಆ ಮಾತು ಹೇಳುವ ಯೋಗ್ಯತೆ ನಿಮ್ಮ ಮಗಳಿಗೂ ಬರಬಲ್ಲದು.

ರಸಾಯನಶಾಸ್ತ್ರ ನಿಮಗೆ ಹೊಸದೂ ಅಲ್ಲ. ದ್ರಾಕ್ಷಿ ಒಣಹಾಕುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊನೆ ಅದ್ದುತ್ತೀರಿ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಗೊಂಡು ನೀರು ಬೇಗ ಆರುತ್ತದೆ. ಹಣ್ಣಿನಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ಅಳೆಯುವ ವಿದ್ಯೆಯೂ, ಮಾತ್ರೆಯಲ್ಲಿ ಮದ್ದೆಷ್ಟಿದೆ ಎಂದು ಅಳೆಯುವ ವಿದ್ಯೆಯೂ ಒಂದೇ ಬೇರಿನವು.

2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ ಇದೇ ಅಥಣಿ ರಸ್ತೆಯ ತೊರವಿಯಲ್ಲಿದೆ. ಓದಲು ದೂರದೂರಿಗೆ ಕಳಿಸಬೇಕೆಂಬ ಅಂಜಿಕೆ ಈಗಿಲ್ಲ. ನನ್ನ ಬೇಡಿಕೆ ಎರಡೇ. ಒಂದು, ಸಂಶೋಧನೆ ಅರ್ಧಕ್ಕೆ ಬಂದಾಗ ಲಗ್ನದ ಮುಹೂರ್ತ ಇಡಬೇಡಿ. ಬರುವ ಬೀಗರಿಗೂ ಓದು ಮುಗಿಯಲಿ ಎಂದು ಮೊದಲೇ ಹೇಳಿ. ಎರಡು, ಪ್ರಯೋಗ ಗಡಿಯಾರ ನೋಡಿ ಮುಗಿಯುವುದಿಲ್ಲ, ಆದ್ದರಿಂದ ಸಂಜೆ ತಡವಾಗಿ ಹೊರಡುವ ಬಸ್ಸಿಗಾಗಿ ನಮ್ಮ ಜೊತೆ ನೀವೂ ದನಿ ಎತ್ತಿ. ನೀವು ಕೇಳಿದರೆ ಬಸ್ಸು ಬಂದೀತು.

ಇಂತಿ,
ಔಷಧ ರಸಾಯನಶಾಸ್ತ್ರ ಕಲಿಸುವ ಒಬ್ಬ ಅಧ್ಯಾಪಕಿ