ಮಾತ್ರೆಯ ಪಿತ್ತ ನೆತ್ತಿಗೇರಿದಾಗ

ಮೆಡಿಕಲ್ ಶಾಪಿನ ಕಪಾಟಿನಲ್ಲಿ, ಲಿವರ್ ಟಾನಿಕ್ಕುಗಳ ಪಕ್ಕದಲ್ಲಿ ಕೂತಿದ್ದ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ 300 ಮಿಲಿಗ್ರಾಂ ಮಾತ್ರೆ ಸ್ಟ್ರಿಪ್ಪಿನೊಳಗಿಂದಲೇ ಸಂದರ್ಶನಕ್ಕೆ ಒಪ್ಪಿತು. ಅಂಕಣಕಾರರು ಬಂದಿದ್ದು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಸುತ್ತುತ್ತಿರುವ, ಪಿತ್ತಕೋಶದ ಕಲ್ಲಿಗೆಂಬ ಆಲಿವ್ ಎಣ್ಣೆ–ನಿಂಬೆರಸದ ಮದ್ದಿನ ಜನ್ಮ ಜಾಲಾಡಲು. ಮಾತ್ರೆಗೆ ಅದರ ಗೊಡವೆಯೇ ಇರಲಿಲ್ಲ.

"ರಾತ್ರಿ ಕುಡಿದರೆ ಬೆಳಿಗ್ಗೆ ಹಸಿರು ಕಲ್ಲು ಬೀಳುತ್ತದಂತಲ್ಲ?"

"ಅದಿರಲಿ ಸ್ವಾಮಿ, ನನ್ನ ಗೋಳು ಕೇಳಿ. 1987ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಕಲ್ಲು ಕರಗಿಸಲು ನನಗೆ ಅನುಮತಿ ಕೊಟ್ಟಿತು. ಅದೇ ವರ್ಷ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೂರೆ ಅನ್ನೋ ಸರ್ಜನ್ ಲ್ಯಾಪ್ರೋಸ್ಕೋಪ್ ತೂರಿಸಿ ಪಿತ್ತಕೋಶವನ್ನೇ ತೆಗೆದುಬಿಟ್ಟ. ಮೂರ್ನಾಲ್ಕು ತೂತು, ಮಾರನೇ ದಿನ ಮನೆ. ನನ್ನ ಕೈಗೆ ಚಿಪ್ಪು! ನನಗೋ ಆರು ತಿಂಗಳಿಂದ ಎರಡು ವರ್ಷ ಬೇಕು. ಅದೂ ಸಣ್ಣ ಕೊಲೆಸ್ಟ್ರಾಲ್ ಕಲ್ಲಾಗಿದ್ದು, ಸುಣ್ಣ ಕಟ್ಟಿರದಿದ್ದರೆ. ಈ ಜನ ಮೂರೇ ವಾರಕ್ಕೆ ಸ್ಕ್ಯಾನ್ ಮಾಡಿಸಿ ಮುಖ ಸಿಂಡರಿಸುತ್ತಾರೆ."

"ಕರಗಿದರೂ ಐದು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಮತ್ತೆ ಕಟ್ಟುತ್ತದಂತೆ?"

ಇದು ಮಾತ್ರೆಗೆ ಕೇಳಿಸಲಿಲ್ಲ. ತಜ್ಞರ ಮಾರ್ಗಸೂಚಿ ಬೇಡವೆಂದರೂ ಫ್ಯಾಟಿ ಲಿವರ್‌ಗೆ ತಮ್ಮನ್ನು ಬರೆದುಕೊಡುವುದೇಕೆ ಎಂದದ್ದಕ್ಕೆ, "ಬರೆದವರನ್ನೇ ಕೇಳಿ" ಎಂದು ಜಾರಿಕೊಂಡಿತು. ಲಿವರಿನ ಸಣ್ಣ ಪಿತ್ತನಾಳಗಳನ್ನೇ ತಿನ್ನುವ ಪಿಬಿಸಿ ಕಾಯಿಲೆಗೆ ಇಂದಿಗೂ ತಾನೇ ಮೊದಲ ಮದ್ದು ಎನ್ನುವುದನ್ನು ಹೇಳಲು ಮಾತ್ರ ಮರೆಯಲಿಲ್ಲ. ಆಮೇಲೆ ಮತ್ತೆ ಲ್ಯಾಪ್ರೋಸ್ಕೋಪಿನ ಪುರಾಣ.

ಅಂಕಣಕಾರರು ತಡೆಯಲಾರದೆ ತಮ್ಮ ಮೊದಲ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು: 2005ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದ ವರದಿಯಂತೆ, ಆ ಮದ್ದು ಕುಡಿದ ಹೆಂಗಸೊಬ್ಬಳಿಗೆ ಬಿದ್ದ ಹಸಿರು ಉಂಡೆಗಳಲ್ಲಿ ಕೊಲೆಸ್ಟ್ರಾಲೇ ಇರಲಿಲ್ಲ. 40 ಡಿಗ್ರಿಗೆ ಕಾಯಿಸಿದರೆ ಹತ್ತು ನಿಮಿಷದಲ್ಲಿ ಹಸಿರೆಣ್ಣೆಯಾಗಿ ಕರಗಿದವು. ಎಣ್ಣೆಯಿಂದ ಹೊಟ್ಟೆಯೊಳಗೇ ತಯಾರಾದ ಸಾಬೂನು! ಆಕೆಯ ನಿಜವಾದ ಕಲ್ಲನ್ನು ಕೊನೆಗೆ ಆಪರೇಷನ್ ಮಾಡಿಯೇ ತೆಗೆಯಬೇಕಾಯಿತು.

"ಕ್ಷಮಿಸಿ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ನಡುವೆ ಬಾಯಿ ಹಾಕಿದೆ" ಎಂದು ನಕ್ಕರು.

ಕರಡಿ ಎಂದದ್ದೇ ತಡ, ಮಾತ್ರೆ ಸಿಡಿಯಿತು.

"ನಗಬೇಡಿ. 1927ರಲ್ಲಿ ಜಪಾನಿನ ವಿಜ್ಞಾನಿ ಶೋದಾ ನನ್ನನ್ನು ಬೇರ್ಪಡಿಸಿದ್ದು ಕರಡಿಯ ಪಿತ್ತದಿಂದ. ಈಗ ಕಸಾಯಿಖಾನೆಯ ದನದ ಪಿತ್ತದಿಂದ ತಯಾರಿಸುತ್ತಾರೆ, ಒಂದು ಕರಡಿಯೂ ಬೇಕಿಲ್ಲ. ಆದರೂ ಚೀನಾದಲ್ಲಿ ಕಪ್ಪು ಕರಡಿಗಳನ್ನು ಬೋನಿಗೆ ತುರುಕಿ, ಹೊಟ್ಟೆಗೆ ತೂತು ಕೊರೆದು, ಅದು ಮುಚ್ಚಿಕೊಳ್ಳಲು ಬಿಡದೆ ವರ್ಷಗಟ್ಟಲೆ ಪಿತ್ತ ಬಸಿಯುತ್ತಾರೆ. ಗಾಯ ಕೀವಾಗುತ್ತದೆ. ಸರಳು ಕಚ್ಚಿ ಕಚ್ಚಿ ಹಲ್ಲು ಮುರಿಯುತ್ತದೆ. 2020ರಲ್ಲಿ ಅಲ್ಲಿನ ಸರ್ಕಾರವೇ ಕೋವಿಡ್ ಚಿಕಿತ್ಸೆಯ ಪಟ್ಟಿಗೆ ಕರಡಿಪಿತ್ತದ ಇಂಜೆಕ್ಷನ್ ಸೇರಿಸಿತು. ಯಾಕೆ? 1957ರಿಂದ ನಾನು ಅಂಗಡಿಯಲ್ಲೇ ಸಿಗುತ್ತಿಲ್ಲವೇ?"

ಇದರ ವಿರುದ್ಧ ವಿಯೆಟ್ನಾಂನಲ್ಲಿ ಕಾನೂನು ಇದೆಯಲ್ಲ ಎಂದರು ಅಂಕಣಕಾರರು.

"ಇದೆ. ಪಿತ್ತ ಬಸಿದರೆ ಅಪರಾಧ. ನೋಂದಾಯಿಸಿದ ಕರಡಿಯನ್ನು ಮನೆಯ ಬೋನಿನಲ್ಲಿ ಇಟ್ಟುಕೊಳ್ಳಲು ಮಾತ್ರ ಅಡ್ಡಿಯಿಲ್ಲ. ದಿನಾ ಅನ್ನ ಹಾಕಿ ಸಾಕುವುದು ಮುದ್ದು ಮಾಡಲಿಕ್ಕೇನು?"