ಥರ್ಮಾಕೋಲ್ ವಿಜ್ಞಾನಿಗಳಿಗೆ ಒಂದು ಬಹಿರಂಗ ಪತ್ರ

ಕೊಲಾಬಾದಿಂದ ವಿರಾರ್‌ವರೆಗೂ, ಅತ್ತ ಡೊಂಬಿವಲಿ, ಕಲ್ಯಾಣದವರೆಗೂ ವ್ಯಾಪಿಸಿರುವ ಪ್ರಾಥಮಿಕ ಶಾಲಾ ಮಕ್ಕಳ ಸಮಸ್ತ ಪೋಷಕ ಮಹಾಶಯರ ಸನ್ನಿಧಿಗೆ,



ಚಳಿಗಾಲದಲ್ಲಿ ಮುಂಬೈಗೆ ಫ್ಲೆಮಿಂಗೊ ಹಕ್ಕಿಗಳೂ ವಿಜ್ಞಾನ ಪ್ರದರ್ಶನಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹಕ್ಕಿಗಳು ಶಿವಡಿಯ ಕೆಸರಿಗೆ ಇಳಿದರೆ, ಪ್ರದರ್ಶನದ ಸುದ್ದಿ ಮೂರನೇ ತರಗತಿಯ ವಾಟ್ಸಾಪ್ ಗುಂಪಿಗೆ ಇಳಿಯುತ್ತದೆ. ಸಂದೇಶದಲ್ಲಿ ಮೂರೇ ಸಾಲು. ಮೊದಲನೆಯದು ದಿನಾಂಕ, ಎರಡನೆಯದು ‘ಮಾಡೆಲ್ ಕಡ್ಡಾಯ’, ಕೊನೆಯದು ‘ಮಗುವೇ ಮಾಡಿರಬೇಕು’. ಆ ಮೂರನೇ ಸಾಲಿಗೆ ಕಣ್ಣು ತಲುಪುವ ಹೊತ್ತಿಗೆ ಪೋಷಕರು ಕ್ರಾಫರ್ಡ್ ಮಾರ್ಕೆಟ್ ತಲುಪಿರುತ್ತಾರೆ.

ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಚಾರ್ಟ್ ಪೇಪರು, ಮಿಂಚು ಕಾಗದ. ಲೋಹಾರ್ ಚಾಳಿನಲ್ಲಿ ವಯರು, ಹೋಲ್ಡರು. ಲ್ಯಾಮಿಂಗ್ಟನ್ ರೋಡಿನಲ್ಲಿ ಪುಟಾಣಿ ಮೋಟಾರು, ಎಲ್‌ಇಡಿ ದೀಪ. ಪ್ರಾಜೆಕ್ಟ್ ಯಾವುದರ ಮೇಲೆ ಎನ್ನುವುದು ಮಾತ್ರ ಇನ್ನೂ ನಿಶ್ಚಯವಾಗಿರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಇಲ್ಲಿ ಕುಲಾವಿಗೆ ಮೋಟಾರು ಕೂಡ ಇದೆ, ಅಷ್ಟೇ. ಅಷ್ಟು ಓಡಾಡಲು ಪುರುಸೊತ್ತಿಲ್ಲದವರಿಗೆ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಮಾಡೆಲ್ ಸಿಗುತ್ತದೆ. ಅದರ ಮೇಲೆ ಹೆಸರು ಬರೆಯಲು ಒಂದು ಖಾಲಿ ಗೆರೆ ಬಿಟ್ಟಿರುತ್ತಾರೆ. ಮಗು ಮಾಡಬೇಕಾದ ಕೆಲಸ ಅದೊಂದೇ.

ಮಾನ್ಯ ಪೋಷಕರ ಉತ್ಸಾಹ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಈ ದೇಶದ ವಿಜ್ಞಾನ ಸ್ಪರ್ಧೆಗಳ ನಿಯಮ ನೋಡಬೇಕು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹತ್ತು ವರ್ಷ ತುಂಬಿರಬೇಕು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ ಶುರುವಾಗುವುದು ಆರನೇ ತರಗತಿಯಿಂದ. ಬೃಹನ್ಮುಂಬೈ ವಿಜ್ಞಾನ ಶಿಕ್ಷಕರ ಸಂಘ ನಡೆಸುವ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ ಇರುವುದು ಆರು ಮತ್ತು ಒಂಬತ್ತನೇ ತರಗತಿಗೆ. ಎನ್‌ಸಿಇಆರ್‌ಟಿಯಂತೂ ಮೂರರಿಂದ ಐದನೇ ತರಗತಿಯವರೆಗೆ ‘ವಿಜ್ಞಾನ’ ಎಂಬ ಪ್ರತ್ಯೇಕ ವಿಷಯವನ್ನೇ ಇಡದೆ ‘ಪರಿಸರ ಅಧ್ಯಯನ’ ಎಂದು ಬಿಟ್ಟಿತ್ತು. ಎಂಟು ವರ್ಷದ ಮಗುವನ್ನು ಸ್ಪರ್ಧೆಗೆ ನಿಲ್ಲಿಸಬಹುದೆಂದು ದೆಹಲಿಗೆ ಹೊಳೆಯಲಿಲ್ಲ. ಆ ಕೊರತೆಯನ್ನು ನೀಗಿಸಿದ ಕೀರ್ತಿ ಅಂಧೇರಿ, ಮುಲುಂಡ್, ಬೊರಿವಲಿಗಳ ಅಪ್ಪ ಅಮ್ಮಂದಿರಿಗೇ ಸಲ್ಲಬೇಕು.

ಉದಾಹರಣೆಗೆ ಅಂಧೇರಿ ಪಶ್ಚಿಮದ ಒಂದು ಮನೆ. ಹೆಸರು ಬೇಡ; ಇಂಥ ಮನೆ ಪ್ರತಿ ಬಿಲ್ಡಿಂಗಿನಲ್ಲೂ ಒಂದಿರುತ್ತದೆ. ಪ್ರದರ್ಶನದ ಹಿಂದಿನ ರಾತ್ರಿ ಹತ್ತು ಗಂಟೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ತಂದೆ ನೆಲದ ಮೇಲೆ ಕೂತು ಥರ್ಮಾಕೋಲನ್ನು ಬ್ಲೇಡಿನಿಂದ ಕೊರೆದು ಜ್ವಾಲಾಮುಖಿ ಕಟ್ಟುತ್ತಿದ್ದಾರೆ. ಬಿಳಿ ಗುಳಿಗೆಗಳು ಅವರ ಮೀಸೆಗೂ ಫ್ಯಾನಿನ ರೆಕ್ಕೆಗೂ ಅಂಟಿವೆ. ತಾಯಿ ಲ್ಯಾಪ್‌ಟಾಪಿನಲ್ಲಿ ‘ನನ್ನ ಪ್ರಯೋಗದಿಂದ ನಾನು ಕಲಿತದ್ದು’ ಎಂಬ ಪುಟವನ್ನು ಟೈಪ್ ಮಾಡಿ ಮುಗಿಸಿದ್ದಾರೆ. ಪ್ರಯೋಗ ಇನ್ನೂ ನಡೆದಿಲ್ಲ. ಮಗಳಿಗೆ ಯಾವುದನ್ನೂ ಮುಟ್ಟಬಾರದೆಂದು ಅಪ್ಪಣೆಯಾಗಿರುವುದರಿಂದ ಅವಳು ಅಡುಗೆಮನೆಯಲ್ಲಿ ಅಜ್ಜನ ಹತ್ತಿರ ನಿಂತಿದ್ದಾಳೆ. ಅಜ್ಜ ಹದಿಮೂರನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದವರು. ಹಗಲು ಮಾಟುಂಗಾದ ಹೋಟೆಲಿನಲ್ಲಿ ಹಿಟ್ಟು ರುಬ್ಬಿ, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು.

“ಅಜ್ಜಾ, ಇಡ್ಲಿ ಹಿಟ್ಟು ಇವತ್ತು ಯಾಕೆ ಉಬ್ಬಲೇ ಇಲ್ಲ?”

“ಚಳಿ ಅಲ್ವಾ ಮಗಾ. ನಮ್ಮ ಹೋಟೆಲಿನಲ್ಲಿ ಡಿಸೆಂಬರ್ ಬಂತೆಂದರೆ ಪಾತ್ರೆಗೆ ಗೋಣಿ ಸುತ್ತಿ ಒಲೆಯ ಹತ್ತಿರ ಇಡುತ್ತಿದ್ದೆವು.”

“ಎಷ್ಟು ಹತ್ತಿರ?”

“ಏಯ್, ಅಲ್ಲಿ ಮಾತು ಸಾಕು,” ಎಂದು ಹಾಲ್‌ನಿಂದ ತಂದೆಯ ಕೂಗು. “ಲಾವಾದ ಕೆಂಪು ಬಣ್ಣ ಎಲ್ಲಿಟ್ಟಿದ್ದಿ?”

ಆ ಮನೆಯಲ್ಲಿ ಅಂದು ರಾತ್ರಿ ನಡೆದ ಏಕೈಕ ವಿಜ್ಞಾನ ‘ಎಷ್ಟು ಹತ್ತಿರ?’ ಎಂಬ ಎರಡು ಶಬ್ದಗಳಲ್ಲಿತ್ತು. ಹಿಟ್ಟನ್ನು ಉಬ್ಬಿಸುವುದು ಲ್ಯುಕೊನಾಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲ. ಹಾಲ್‌ನಲ್ಲಿ ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದಾಗ ಬುಸ್ಸೆಂದು ಏಳುವುದೂ ಅದೇ ಅನಿಲ. ವ್ಯತ್ಯಾಸ ಇಷ್ಟೇ: ಸೋಡಾದ ಬುರುಗು ಅರ್ಧ ನಿಮಿಷದಲ್ಲಿ ಇಳಿದುಹೋಗುತ್ತದೆ, ಅದರ ಬಗ್ಗೆ ಮುಂದೆ ಕೇಳುವುದಕ್ಕೇನೂ ಉಳಿಯುವುದಿಲ್ಲ. ಹಿಟ್ಟಿನ ವಿಷಯದಲ್ಲಿ ಒಂದು ವಾರ ಕೇಳುತ್ತಲೇ ಇರಬಹುದು. ಒಂದೇ ಅಳತೆಯ ನಾಲ್ಕು ಗಾಜಿನ ಲೋಟ, ಒಂದೇ ಹಿಟ್ಟು, ಹಿಟ್ಟಿನ ಮಟ್ಟಕ್ಕೆ ಒಂದೊಂದು ರಬ್ಬರ್ ಬ್ಯಾಂಡ್. ಒಂದು ಲೋಟ ಫ್ರಿಜ್ಜಿನಲ್ಲಿ, ಒಂದು ಕಟ್ಟೆಯ ಮೇಲೆ, ಒಂದು ಕಂಬಳಿಯೊಳಗೆ, ಒಂದು ಒಲೆಯ ಪಕ್ಕ. ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ, ರಬ್ಬರ್ ಬ್ಯಾಂಡಿನಿಂದ ಎಷ್ಟು ಬೆರಳು ಮೇಲೇರಿದೆ ನೋಡಿ ಬರೆಯುವುದು. ಬದಲಾಗುವುದು ಜಾಗ ಮಾತ್ರ, ಮಿಕ್ಕಿದ್ದೆಲ್ಲ ಒಂದೇ. ಪ್ರಯೋಗ ಎಂದರೆ ಏನೆಂದು ಪಿಎಚ್‌.ಡಿ. ಮಾಡುವವರಿಗೆ ಹೇಳಿಕೊಡುವ ಮೊದಲ ಪಾಠವೂ ಇದೇ. ಖರ್ಚು ಏನೂ ಇಲ್ಲ. ಪ್ರಯೋಗ ಮುಗಿದ ಮೇಲೆ ಇಡ್ಲಿ ಬೇಯಿಸಿ ತಿನ್ನಲೂಬಹುದು. ಥರ್ಮಾಕೋಲಿಗೆ ಆ ಸೌಲಭ್ಯವಿಲ್ಲ.

ಇನ್ನು ಜ್ವಾಲಾಮುಖಿಯೇ ಬೇಕೆಂಬ ಹಟವಿದ್ದರೆ ಅದಕ್ಕೂ ಮಾನ್ಯರು ದೂರ ಹೋಗಬೇಕಿಲ್ಲ. ಅಂಧೇರಿ ಪಶ್ಚಿಮದಲ್ಲೇ, ಕಟ್ಟಡಗಳ ನಡುವೆ, ಗಿಲ್ಬರ್ಟ್ ಹಿಲ್ ನಿಂತಿದೆ. ಸುಮಾರು 200 ಅಡಿ ಎತ್ತರದ ಕಪ್ಪು ಬಸಾಲ್ಟಿನ ಕಂಬಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿಯುತ್ತಿದ್ದ ಕಾಲದಲ್ಲಿ, ದಖ್ಖಣದ ಉದ್ದಗಲಕ್ಕೆ ಉಕ್ಕಿ ಹರಿದ ಲಾವಾ ತಣ್ಣಗಾಗಿ ಬಿರಿದು ನಿಂತದ್ದು. 2007ರಲ್ಲಿ ಮಹಾನಗರಪಾಲಿಕೆ ಅದನ್ನು ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. ಮೇಲೆ ಗಾಂವದೇವಿ ಗುಡಿಯಿದೆ, ಹತ್ತಲು ಮೆಟ್ಟಿಲಿವೆ, ಟಿಕೆಟ್ಟಿಲ್ಲ. ಕಾನ್ಹೇರಿ, ಎಲಿಫೆಂಟಾ ಗುಹೆಗಳನ್ನು ಕೊರೆದದ್ದೂ ಅದೇ ಅಗ್ನಿಶಿಲೆಯ ಕುಟುಂಬದಲ್ಲಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಅಂಧೇರಿಯನ್ನು ನೋಡಿರಲಿಕ್ಕಿಲ್ಲ. ನಿಜವಾದ ಲಾವಾದ ಬುಡದಲ್ಲಿ ಫ್ಲ್ಯಾಟ್ ಕೊಂಡು, ಸುಳ್ಳು ಲಾವಾದ ಬಣ್ಣಕ್ಕಾಗಿ ಕ್ರಾಫರ್ಡ್ ಮಾರ್ಕೆಟಿಗೆ ಹೋಗುವುದು ಇಲ್ಲಿ ಮಾತ್ರ ಸಾಧ್ಯ.

ಥರ್ಮಾಕೋಲಿನ ಬಗ್ಗೆ ಇನ್ನೊಂದು ಮಾತು. ಮಹಾರಾಷ್ಟ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಥರ್ಮಾಕೋಲಿನ ತಟ್ಟೆ ಲೋಟಗಳೂ ಅಲಂಕಾರ ಸಾಮಗ್ರಿಯೂ ಸೇರಿದ್ದವು. ಗಣಪತಿ ಮಂಟಪಕ್ಕೆ ಥರ್ಮಾಕೋಲ್ ಅಲಂಕಾರ ಮಾಡುವವರು ನ್ಯಾಯಾಲಯದ ಮೆಟ್ಟಿಲೇರಿದರೂ ವಿನಾಯಿತಿ ಸಿಗಲಿಲ್ಲ. ವಿಘ್ನೇಶ್ವರನಿಗೇ ಸಿಗದ ಸಾಮಗ್ರಿ ‘ಪ್ಲಾಸ್ಟಿಕ್ ಮಾಲಿನ್ಯ ತಡೆಯಿರಿ’ ಎಂಬ ಮಾಡೆಲ್ಲಿಗೆ ಸಲೀಸಾಗಿ ಸಿಗುತ್ತದೆ. ಪ್ರದರ್ಶನ ಮುಗಿದ ಮರುದಿನ ಶಾಲೆಯ ಹಿಂಬದಿಯ ಕಸದ ತೊಟ್ಟಿ ನೋಡಿದರೆ ಆ ವಿಷಯದ ಮೇಲೆ ಇನ್ನೂ ಒಳ್ಳೆಯ ಪ್ರಾಜೆಕ್ಟ್ ಮಾಡಬಹುದು.

ಸೌರವ್ಯೂಹದ ಕಥೆಯೂ ಹೀಗೇ. ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಇಳಿಸಿದ್ದು 2006ರಲ್ಲಿ. ಆದರೂ ಅಂಗಡಿಯ ಸೆಟ್ಟಿನಲ್ಲಿ ಒಂಬತ್ತನೇ ಗುಂಡು ಇನ್ನೂ ಕಾಣಸಿಗುತ್ತದೆ. ಹಳೇ ಸ್ಟಾಕ್ ಇರಬೇಕು. ಸೂರ್ಯ ಕಿತ್ತಳೆಯಷ್ಟು, ಭೂಮಿ ಲಿಂಬೆಯಷ್ಟು, ಎಲ್ಲ ಒಂದು ಮೊಳದೊಳಗೆ. ಯಾರಾದರೂ ಮಗುವಿನ ಕೈಗೆ ಸ್ಕೇಲು ಕೊಟ್ಟು ಲೆಕ್ಕ ಹಾಕಿಸಿದರೆ ಮಜಾ ಬರುತ್ತದೆ. ಸೂರ್ಯನನ್ನು 11 ಸೆಂಟಿಮೀಟರಿನ ಚೆಂಡು ಎಂದುಕೊಂಡರೆ ಭೂಮಿ ಒಂದು ಮಿಲಿಮೀಟರ್, ಅಂದರೆ ಒಂದು ಸಣ್ಣ ರಾಗಿಕಾಳು. ಆ ರಾಗಿಕಾಳನ್ನು ಇಡಬೇಕಾದದ್ದು ಚೆಂಡಿನಿಂದ ಸುಮಾರು 12 ಮೀಟರ್ ದೂರದಲ್ಲಿ. ನೆಪ್ಚೂನ್ ಇರುವುದು 350 ಮೀಟರ್ ಆಚೆ. ಹನ್ನೆರಡು ಡಬ್ಬಿಯ ಲೋಕಲ್ ನಿಂತಷ್ಟು ಉದ್ದವೂ ಸಾಲುವುದಿಲ್ಲ. ಸೂರ್ಯನನ್ನು ಮೊದಲ ಡಬ್ಬಿಯ ಎದುರಿಗೆ ಇಟ್ಟರೆ ನೆಪ್ಚೂನ್ ಪ್ಲಾಟ್‌ಫಾರ್ಮ್ ಮುಗಿದು ಹಳಿಯ ಮೇಲೆ ಬೀಳುತ್ತದೆ. ಇದನ್ನು ಮೇಜಿನ ಮೇಲೆ ಇಟ್ಟು ತೋರಿಸಲಾಗದು, ಆದ್ದರಿಂದ ಬಹುಮಾನವೂ ಬರುವುದಿಲ್ಲ.

ಮಳೆನೀರು ಕೊಯ್ಲಿನ ಮಾಡೆಲ್ ಮಾಡುವವರದು ಬೇರೆಯೇ ಪಂಗಡ. ಹತ್ತಿಯ ಮೋಡ, ನೀಲಿ ರಿಬ್ಬನ್ನಿನ ಮಳೆ. ಇದು ಬರುವುದು ಡಿಸೆಂಬರಿನಲ್ಲಿ, ಮುಂಬೈಯಲ್ಲಿ ಹನಿ ಬೀಳದ ಕಾಲಕ್ಕೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದ ದಿನ ಅದೇ ಊರಿನ ಕೊಲಾಬಾದಲ್ಲಿ 75 ಮಿ.ಮೀ. ಕೂಡ ದಾಖಲಾಗಲಿಲ್ಲ. ಒಂದೇ ನಗರದಲ್ಲಿ ಇಷ್ಟು ಅಂತರ ಏಕೆ ಎಂದು ಕೇಳುವ ಹಕ್ಕು ಇಲ್ಲಿನ ಪ್ರತಿ ಮಗುವಿಗೂ ಇದೆ. ಬೇಕಾದದ್ದು ಒಂದು ಹಳೆಯ ನೀರಿನ ಬಾಟಲಿ. ಮೇಲಿನ ಭಾಗ ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿದರೆ ಮಳೆಮಾಪಕ ಸಿದ್ಧ. ಬೊರಿವಲಿಯ ಹುಡುಗ, ಘಾಟ್ಕೋಪರಿನ ಅವನ ಅತ್ತೆಯ ಮಗಳು, ಕೊಲಾಬಾದ ಗೆಳೆಯ ಮೂವರೂ ತಾರಸಿಯ ಮೇಲೊಂದು ಬಾಟಲಿ ಇಟ್ಟು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಲಿ. ಅಡಚಣೆ ಒಂದೇ. ಇದನ್ನು ಜೂನ್‌ನಲ್ಲಿ ಶುರು ಮಾಡಬೇಕು, ಶಾಲೆಯ ಸಂದೇಶ ಬರುವುದು ಡಿಸೆಂಬರಿನಲ್ಲಿ. ಯೋಜನೆ ಎಂದರೆ ಸಾಮಾನಿನ ಪಟ್ಟಿ ಎಂದು ತಿಳಿದವರಿಗೆ ಆರು ತಿಂಗಳು ಮುಂಚೆ ಬಾಟಲಿ ಕತ್ತರಿಸುವ ಯೋಚನೆ ಹೊಳೆಯುವುದು ಕಷ್ಟ.

ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನಿನ ಚೀಲದ ಭಾರದ ಬಗ್ಗೆ ಮಾತಾಡಿದ್ದರು. ಮುಂದೆ ವಿಜ್ಞಾನಿ ಯಶ್‌ಪಾಲ್ ಅವರ ಸಮಿತಿ 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ಯ ವರದಿ ಕೊಟ್ಟಿತು. ಪೋಷಕರು ಅದನ್ನು ಅಕ್ಷರಶಃ ಜಾರಿಗೆ ತಂದಿದ್ದಾರೆಂದು ಒಪ್ಪಬೇಕು: ಮಾಡೆಲ್ಲಿನ ಹೊರೆ ಈಗ ಮಗುವಿನ ಬೆನ್ನ ಮೇಲಿಲ್ಲ, ಅಪ್ಪನ ತೊಡೆಯ ಮೇಲೆ ರಿಕ್ಷಾದಲ್ಲಿ ಹೋಗುತ್ತದೆ.

ಪ್ರದರ್ಶನದ ದಿನ ಅಂಧೇರಿಯ ಆ ಹುಡುಗಿ ಮೇಜಿನ ಹಿಂದೆ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ನಿಂತಿದ್ದಳು. ‘ಗುಡ್ ಮಾರ್ನಿಂಗ್, ರೆಸ್ಪೆಕ್ಟೆಡ್ ಜಡ್ಜಸ್’ನಿಂದ ಹಿಡಿದು ‘ಥ್ಯಾಂಕ್ ಯೂ’ವರೆಗೆ ಒಂದಕ್ಷರ ತಪ್ಪಲಿಲ್ಲ. ತೀರ್ಪುಗಾರರೊಬ್ಬರು ಯಾಕೋ ಮನಸ್ಸು ಬಂದು, “ಸೋಡಾದ ಬದಲು ಉಪ್ಪು ಹಾಕಿದರೆ ಏನಾಗುತ್ತೆ ಪುಟ್ಟಾ?” ಎಂದು ಕೇಳಿದರು. ಅವಳು ತಂದೆಯ ಮುಖ ನೋಡಿದಳು. ತಂದೆ ತಾಯಿಯ ಮುಖ ನೋಡಿದರು. ತಾಯಿ ಫೋನು ತೆಗೆದರು. ಎರಡನೇ ಬಹುಮಾನ ಬಂತು. ಮೊದಲನೆಯದು ತಿರುಗುವ ಜ್ವಾಲಾಮುಖಿಗೆ ಹೋಯಿತು. ಅದಕ್ಕೆ ಲ್ಯಾಮಿಂಗ್ಟನ್ ರೋಡಿನ ಮೋಟಾರಿತ್ತು.

ಶಾಲೆಗಳೂ ಪೂರ್ತಿ ನಿರಪರಾಧಿಗಳಲ್ಲ. ಇದೇ ಊರಿನ ಮಾನಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. 1974ರಿಂದ ಮಕ್ಕಳು ವಿಜ್ಞಾನ ಕಲಿಯುವುದು ಹೇಗೆಂಬುದನ್ನೇ ಅಭ್ಯಾಸ ಮಾಡುತ್ತಿರುವ ಸಂಸ್ಥೆ ಅದು. ಪ್ರಾಥಮಿಕ ತರಗತಿಗಳಿಗೆಂದೇ ‘ಸ್ಮಾಲ್ ಸೈನ್ಸ್’ ಎಂಬ ಪುಸ್ತಕಮಾಲೆ ತಂದಿದೆ. ಅದರಲ್ಲಿ ಮಗುವಿಗೆ ಸಿಗುವುದು ಸುತ್ತಲ ಎಲೆ, ಹುಳು, ನೀರು, ಊಟ ಮತ್ತು ಅವುಗಳ ಬಗ್ಗೆ ಪ್ರಶ್ನೆ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರ 1985ರಿಂದ ಬಾಗಿಲು ತೆರೆದು ಕೂತಿದೆ. ಮುಟ್ಟಬೇಡ ಎನ್ನುವ ಫಲಕಕ್ಕಿಂತ ಒತ್ತಿ ನೋಡು, ಎಳೆದು ನೋಡು ಎನ್ನುವ ಯಂತ್ರಗಳೇ ಅಲ್ಲಿ ಹೆಚ್ಚು. ಶಾಲೆಯವರು ಎರಡೂ ಕಡೆ ಪಿಕ್‌ನಿಕ್ ಕರೆದೊಯ್ಯುತ್ತಾರೆ, ಫೋಟೊ ತೆಗೆಯುತ್ತಾರೆ, ವಾಪಸು ಬಂದು ಮಾಡೆಲ್ಲಿಗೆ ಅಂಕ ಹಾಕುತ್ತಾರೆ. ಮಗು ದಿನಾ ಬರೆದ ಒಂದು ನೋಟ್‌ಬುಕ್ಕಿಗೆ, ಅದರಲ್ಲಿ ಕಾಟು ಹೊಡೆದ ಲೆಕ್ಕಕ್ಕೆ, ‘ಇವತ್ತು ಅಳೆಯಲು ಮರೆತೆ’ ಎಂಬ ಸಾಲಿಗೆ ಅರ್ಧ ಅಂಕ ಇಟ್ಟರೆ ಸ್ಟೇಷನರಿ ಅಂಗಡಿಯವನು ಬೇರೆ ವ್ಯಾಪಾರ ನೋಡಿಕೊಳ್ಳುತ್ತಾನೆ.

ಆದ್ದರಿಂದ ಮಾನ್ಯ ಪೋಷಕರಲ್ಲಿ ಒಂದೇ ಬಿನ್ನಹ. ಮೇ ತಿಂಗಳ 15, 16ರ ಸುಮಾರಿಗೆ ಮತ್ತು ಜುಲೈ 27, 28ರ ಸುಮಾರಿಗೆ ಮುಂಬೈಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದು ಆಗುವುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆ ದಾಟಿದ ಮೇಲೆ. ಏಕೆಂಬುದನ್ನು ಮಗುವೇ ಕೇಳಲಿ. ಮಂಗಳೂರು, ಉಡುಪಿಯ ಕಡೆ ಇದೇ ಸಂಗತಿ ಏಪ್ರಿಲ್ 24ರ ಆಸುಪಾಸಿಗೇ ಆಗಿಹೋಗಿರುತ್ತದೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ ಬರುತ್ತದೆ. ರಜೆಗೆ ಊರಿಗೆ ಹೋದವರು ಅಲ್ಲಿನ ಅಂಗಳದಲ್ಲಿ ಅಳೆಯಲಿ, ಇಲ್ಲೇ ಉಳಿದವರು ಸೊಸೈಟಿಯ ತಾರಸಿಯಲ್ಲಿ ಅಳೆಯಲಿ. ಕೋಲನ್ನು ಮಗು ಹಿಡಿಯಲಿ, ಪೋಷಕರು ಕೊಡೆ ಹಿಡಿದರೆ ಸಾಕು, ಅದೂ ಕೋಲಿನ ಮೇಲೆ ಅಡ್ಡ ಬರದ ಹಾಗೆ. ಜುಲೈಯಲ್ಲಿ ಮೋಡ ಕವಿದು ಏನೂ ಕಾಣದಿದ್ದರೆ ‘ಮೋಡ, ಕಾಣಲಿಲ್ಲ’ ಎಂದು ಮಗು ತನ್ನ ಕೈಯಾರೆ ಬರೆದಿಡಲಿ. ದಯವಿಟ್ಟು ಅದನ್ನು ಯಾರೂ ತಿದ್ದಬೇಡಿ.

ಇಂತಿ,
ಬಹುಮಾನ ವಿತರಣೆಯ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜ