ಬಂಬ, ಬಿಪಿ ಮತ್ತು ವೈಫೈ

ಪಿನ್ನಿದ್ದದ್ದೆಲ್ಲ ಕಂಪ್ಯೂಟರೇ ಎಂಬುದು ನಮ್ಮ ಯಡೂರಿನವರ ಗಟ್ಟಿ ನಂಬಿಕೆ. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುವವನು. ಆ ಒಂದು ಕಾರಣಕ್ಕೆ ಗೀಸರ್, ಬೋರಿನ ಸ್ಟಾರ್ಟರ್, ಶುಗರ್ ನೋಡುವ ಯಂತ್ರ ಎಲ್ಲವೂ ನನ್ನ ಖಾತೆಗೆ ಬಂದು ಬಿದ್ದಿವೆ. ಅಮಾವಾಸ್ಯೆಗೆ ವೀರಭದ್ರ ದೇವರ ದರ್ಶನಕ್ಕೆ ಬರುವ ಬೀಗರು ಕೂಡ ಕಾಯಿ ಒಡೆಸಿ, ಪ್ರಸಾದ ಹಿಡಿದು ಸೀದಾ ನಮ್ಮ ಕಟ್ಟೆಗೆ ಬರುತ್ತಾರೆ. "ಸರ್, ನಮ್ಮ ಗೀಸರ್ ನಳಾ ಮುಟ್ಟಿದ್ರ ಜುಂ ಅಂತೈತಿ, ಏನ್ ಮಾಡೂದು?" ದೇವರನ್ನು ಕೇಳಲು ಸಂಕೋಚವಾಗುವ ಪ್ರಶ್ನೆಗಳು ಇವು.

ಈ ಧಂದೆಯಲ್ಲಿ ನನಗೊಬ್ಬ ಪ್ರತಿಸ್ಪರ್ಧಿ ಇದ್ದಾರೆ: ನಮ್ಮ ಮಾಮಾ. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬು ತೂಗಿ ನಿವೃತ್ತರಾದವರು, ಹಾಗಾಗಿ ಊರಲ್ಲಿ ಅವರ ಮಾತಿಗೆ ತೂಕ. ನಾನು "ನೋಡ್ರಿ, ಮೊದಲ ಅರ್ಥಿಂಗ್ ಪರೀಕ್ಷಾ ಮಾಡಿಸ್ರಿ, ಒಳಗಿನ ಕಾಯಿಲ್ ಸೀಳಿರಬಹುದು, ಅಲ್ಲೀತನಕ..." ಎನ್ನುವಷ್ಟರಲ್ಲಿ ಅವರು "ಕಾಲಾಗ ರಬ್ಬರ್ ಚಪ್ಪಲಿ ಹಾಕ್ಕೊಂಡ ಜಳಕಾ ಮಾಡ್ರಿ" ಎಂದು ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ಚುಟುಕು ಸಲಹೆಯನ್ನೇ ಜನ ನಂಬುವುದು. ನನ್ನದರಲ್ಲಿ "ಅಲ್ಲೀತನಕ ಮೇನ್ ಸ್ವಿಚ್ ಆರಿಸಿಡ್ರಿ" ಎಂಬ ಮುಖ್ಯ ಭಾಗ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಬೀಗರು ಎದ್ದಿರುತ್ತಾರೆ.

ಆರೋಗ್ಯದ ಯಂತ್ರಗಳು ಕರೋನಾ ಕಾಲದಿಂದ ಮನೆಮನೆಗೂ ಬಂದಿವೆ. ಯಾರ ಮಾಡದಲ್ಲಿ ನೋಡಿದರೂ ವಿಭೂತಿ ಗಟ್ಟಿಯ ಪಕ್ಕ ಒಂದು ಆಕ್ಸಿಮೀಟರ್. ಕಳೆದ ಹಂಗಾಮಿನಲ್ಲಿ ನಮ್ಮ ಓಣಿಯ ಕಾಕಾ ಬೆಲ್ಲದ ಗಾಣದಿಂದ ಬಂದವರೇ ಕಟ್ಟೆಯ ಮೇಲೆ ಕೂತು, ಮಗ ಪುಣೆಯಿಂದ ತಂದುಕೊಟ್ಟ ಯಂತ್ರದಲ್ಲಿ ಶುಗರ್ ನೋಡಿಕೊಂಡರು. ನಾಲ್ಕುನೂರು ದಾಟಿತ್ತು. ಕಾಕೂ ಅಳಲು ಶುರುಮಾಡಿದರು. ಮಿರಜಿಗೆ ಒಯ್ಯಲು ಗಾಡಿ ಬಂತು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಂದಿನಿಂದ ಗಡಿಭಾಗದ ನಮಗೆ ದೊಡ್ಡ ರೋಗವೆಂದರೆ ಮಿರಜ, ಸಣ್ಣ ರೋಗವೆಂದರೆ ಮಾಮಾ. ಗಾಡಿ ಹತ್ತುವ ಮೊದಲು ಕಾಕಾನ ಕೈ ನೋಡಿದೆ. ಬೆರಳೆಲ್ಲ ಅಂಟಂಟು. ಸಾಬೂನು ಹಚ್ಚಿ ತೊಳೆಸಿ, ಒಣಗಿಸಿ, ಬೇರೆ ಬೆರಳಿಗೆ ಚುಚ್ಚಿ ನೋಡಿದರೆ ನೂರಾ ಮೂವತ್ತರ ಆಸುಪಾಸು! ಆ ಪಟ್ಟಿ ಹೀರುವುದೇ ಸಾಸಿವೆಯಷ್ಟು ರಕ್ತ. ಬೆರಳ ಮೇಲಿನ ಬೆಲ್ಲದ ಪಸೆ ಅದರಲ್ಲಿ ಕರಗಿದರೆ ಯಂತ್ರ ಪಾಪ ಏನು ಮಾಡೀತು, ಬೆಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇದನ್ನೆಲ್ಲ ನಾನು ವಿವರಿಸಿದೆ. ಓಣಿ ಇದರಿಂದ ಕಲಿತದ್ದು ಬೇರೆ. ಮರುದಿನ ಬೆಳಿಗ್ಗೆ ಇಬ್ಬರು ವೈನಿಯರು ಮನೆಗೆ ಬಂದು, ಶುಗರ್ ಇಳಿಸುವ ಆ ಸಾಬೂನು ಯಾವ ಅಂಗಡಿಯದು ಎಂದು ಕೇಳಿದರು.

ಬಿಪಿ ಯಂತ್ರದ ನಿಯಮಗಳನ್ನು ಬರೆದವರು ಯಡೂರು ನೋಡಿದವರಲ್ಲ. ಅಳೆಯುವ ಮೊದಲು ಅರ್ಧ ಗಂಟೆ ಚಹಾ ಕುಡಿಯಬಾರದು, ತಂಬಾಕು ಹಾಕಬಾರದು. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿಯನ್ನು ಅಂಗಿಯ ಮೇಲಲ್ಲ, ಬರಿ ತೋಳಿಗೇ ಸುತ್ತಬೇಕು. ಎಲ್ಲ ಒಪ್ಪುವ ಮಾತೇ. ಆದರೆ ನಿಪ್ಪಾಣಿ ತಂಬಾಕಿನ ಸೀಮೆಯಲ್ಲಿ, ಕಟ್ಟೆಯ ಮೇಲೆ, ಐದು ನಿಮಿಷ ಮಾತಿಲ್ಲದೆ ಕೂತ ಗಂಡಸನ್ನು ನಾನಂತೂ ಕಂಡಿಲ್ಲ. ಮಾಮಾ ಬಿಪಿ ನೋಡಿಸಿಕೊಳ್ಳುವಾಗಲೇ ಕಬ್ಬಿನ ದರದ ಮೇಲೆ ಭಾಷಣ ಬಿಗಿಯುತ್ತಾರೆ. ಕಾರ್ಖಾನೆ ಟನ್ನಿಗೆ ಎಷ್ಟು ಘೋಷಿಸಿದೆ ಎಂಬುದನ್ನು ಅವರ ಬಿಪಿಯ ಮೇಲಿನ ಅಂಕಿ ನೋಡಿಯೇ ಅಂದಾಜು ಮಾಡಬಹುದು.

ಇದರ ನಡುವೆ ಬಂದದ್ದು ಪ್ರೋಟೀನ್ ಪುಡಿಯ ಡಬ್ಬಿ. ತಂದವನು ನನ್ನದೇ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಬಾಯಿ ಬಿಡದಿದ್ದ ಹುಡುಗ ಈಗ ಟೈ ಕಟ್ಟಿಕೊಂಡು ಗುಗ್ಗಳದ ಮುಂದೆ ಪುರವಂತರು ಒಡಪು ಹೇಳಿದಂತೆ ಪುಡಿಯ ಮಹಿಮೆ ಹೇಳುತ್ತಾನೆ: ಸಕ್ಕರೆ ರೋಗ, ಮಂಡಿನೋವು, ಬೊಜ್ಜು, ಕಣ್ಣಿನ ಪೊರೆ. ಪ್ರತಿ ರೋಗದ ಹೆಸರಿಗೂ ಮಾಮಾ "ಹೌದಪಾ ಹೌದು" ಎಂದು ಸೊಲ್ಲು ಹಚ್ಚಿದರು. ಡಬ್ಬಿ ತಿರುಗಿಸಿ ಹಿಂಬದಿ ಓದಿದೆ. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇತ್ತು, ಅದು ಸರಿ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಎಂದಿತ್ತು. 2016ರ ನಿಯಮದ ಪ್ರಕಾರ ಇಂಥ ಪೂರಕ ಆಹಾರದ ಮೇಲೆ ಅದನ್ನು ಮುದ್ರಿಸಲೇಬೇಕು. ಮುಂದಿನ ಬದಿಯ ಚಿತ್ರದಲ್ಲಿ ಅಜ್ಜನೊಬ್ಬ ಬೆಟ್ಟ ಹತ್ತುತ್ತಿದ್ದಾನೆ. ಹಿಂದಿನ ಬದಿ, ಅವನು ಇದನ್ನು ತಿಂದು ಹತ್ತಿದ್ದಲ್ಲ ಎನ್ನುತ್ತದೆ. ಸಕ್ಕರೆ ರೋಗ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನೇ 1954ರ ಕಾಯಿದೆ ನಿಷೇಧಿಸಿದೆ. ಡಬ್ಬಿಯ ಮೇಲೆ ಬರೆಯಲಾಗದ್ದನ್ನು ಹುಡುಗನ ಬಾಯಲ್ಲಿ ಹೇಳಿಸುವುದು ಇದಕ್ಕೇ. ಪುಡಿ ತಿಂದರೆ ಬಹುಶಃ ಹೆಚ್ಚೇನೂ ಆಗಲಿಕ್ಕಿಲ್ಲ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಪುಡಿ ಮುಟ್ಟಬಾರದು. ನಿಜವಾದ ಅಪಾಯವೆಂದರೆ ಪುಡಿ ನಂಬಿ ಗುಳಿಗೆ ಬಿಡುವುದು. ನಮ್ಮ ಓಣಿಯಲ್ಲಿ ಅದು ನಡೆದೂ ಇದೆ.

"ಸರ್, ಪುಡಿ ಬಿಡ್ರಿ. ನಿಮ್ಮ ಕೆಳಗ ನಾಕ ಮಂದಿ ಹಚ್ಚ್ರಿ, ಅವರ ಕೆಳಗ ನಾಕ ಮಂದಿ..." ಎಂದ ಹುಡುಗ. ನಾನು ಮೇಷ್ಟ್ರಾದೆ. ನಾಲ್ಕನ್ನು ನಾಲ್ಕರಿಂದ ಗುಣಿಸುತ್ತ ಹೋದರೆ ಎಂಟನೇ ಮೆಟ್ಟಿಲಿಗೆ 65,536 ಜನ ಬೇಕು. ಇಡೀ ಯಡೂರು, ಕಲ್ಲೋಳ, ಮಾಂಜರಿ, ಅಂಕಲಿ ಕೂಡಿಸಿ ಎಮ್ಮೆಗಳನ್ನೂ ಸೇರಿಸಿದರೂ ಸಾಲುವ ಖಾತ್ರಿಯಿಲ್ಲ. ಜನ ಸೇರಿಸಿದ್ದಕ್ಕೆ ಹಣ ಕೊಡುವ ಪಿರಮಿಡ್ ವ್ಯವಹಾರ 2021ರ ನೇರ ಮಾರಾಟ ನಿಯಮಗಳಲ್ಲಿ ನಿಷಿದ್ಧ. ಅದೇ ನಿಯಮಗಳಲ್ಲಿ ಇನ್ನೊಂದು ಮುದ್ದಾದ ಷರತ್ತಿದೆ: ಮಾರುವವನು ಗುರುತಿನ ಚೀಟಿಯಿಲ್ಲದೆ, ಮೊದಲೇ ಅಪಾಯಿಂಟ್‌ಮೆಂಟ್ ಪಡೆಯದೆ ಗಿರಾಕಿಯ ಮನೆಗೆ ಕಾಲಿಡುವಂತಿಲ್ಲ. ಇದನ್ನು ಹೇಳಿದಾಗ ಹುಡುಗ ನಿಜವಾಗಿಯೂ ಗಾಬರಿಯಾದ. ಯಡೂರಿನಲ್ಲಿ ಫೋನ್ ಮಾಡಿ ಬಂದರೆ ಯಾರೋ ಸತ್ತಿದ್ದಾರೆಂದು ತಿಳಿಯುತ್ತಾರೆ.

ಇನ್ನು ಬಿಸಿನೀರು. ನಮ್ಮ ಬಚ್ಚಲಿನ ಒಡೆಯ ತಾಮ್ರದ ಬಂಬ. ನಡುವೆ ಕೊಳವೆ, ಅದರಲ್ಲಿ ಬೆಂಕಿ, ಸುತ್ತಲೂ ನೀರು, ಕೆಳಗೆ ಬೂದಿ. ಬೆಂಕಿಯ ಸುತ್ತ ನೀರಿರುವುದರಿಂದ ಬಿಸಿ ವ್ಯರ್ಥವಾಗುವುದು ಕಡಿಮೆ. ಕಾಲೇಜಿನಲ್ಲಿ ಇದನ್ನೇ ಚಿತ್ರ ಬರೆದು ಕಲಿಸಿದರೆ ಹುಡುಗರು ನಿದ್ದೆ ಮಾಡುತ್ತಾರೆ. ಅವ್ವ ಅದಕ್ಕೆ ಕಬ್ಬಿನ ರವದಿ, ಗೊಂಜಾಳದ ಬೆಂಡು, ಕುಳ್ಳು ಏನು ಬೇಕಾದರೂ ಉಣಿಸುತ್ತಾಳೆ. ನಲ್ಲಿಯಿಂದ ಬಂದ ನೀರಿಗಿಂತ ಬಂಬದ ನೀರಿಗೆ ಮೈನೋವು ಬೇಗ ಹೋಗುತ್ತದಂತೆ. ಇದ್ದೀತು. ಹೊಗೆ ಹೊರಗೆ ಹೋಗಲು ದಾರಿಯಿರಲಿ ಎಂಬುದಷ್ಟೇ ನನ್ನ ತಕರಾರು.

ಹೆಂಡತಿಯ ಒತ್ತಾಯಕ್ಕೆ 15 ಲೀಟರಿನ ಗೀಸರ್ ಬಂತು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಮಾಮಾ ಅದನ್ನು ಇಡೀ ದಿನ ಹಚ್ಚಿಯೇ ಇಡಿ ಎಂದರು, ಕರೆಂಟು ಪುಕ್ಕಟೆಯಲ್ಲವೇ? ಪುಕ್ಕಟೆಗೂ ಲೆಕ್ಕವಿದೆ. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಐದು ಮಂದಿಯ ಮನೆಗೆ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು. ಪುಕ್ಕಟೆಯ 200 ಯೂನಿಟ್ಟಿನ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮದೇ. ಆದ್ದರಿಂದ ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ಗೀಸರ್ ಆರಿ ಬಂಬ ಮರಳಿ ಅಧಿಕಾರಕ್ಕೆ ಬರುತ್ತದೆ. ಅವ್ವ ಆ ವಾರ ಬಹಳ ಪ್ರಸನ್ನಳಾಗಿರುತ್ತಾಳೆ.

ಗೀಸರಿನ ಮುಖ್ಯ ವೈರಿ ನಮ್ಮ ಬೋರಿನ ನೀರು. ಸವಳು-ಜವಳಾದ ಕೃಷ್ಣಾ ತೀರದ ಭೂಮಿಯಲ್ಲಿ ಆ ನೀರಿಗೆ ಸಾಬೂನು ನೊರೆ ಬಾರದು. ಅದರೊಳಗಿನ ಸುಣ್ಣ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುತ್ತದೆ, ಕಾಯಿಲ್ ತಾನೇ ಕಾದು ಸುಡುತ್ತದೆ. ಉಷ್ಣತೆ 55–60ಕ್ಕಿಟ್ಟರೆ ಪೊರೆ ನಿಧಾನ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಟಾಕಿಯ ಬದಲು ತಾನು ಸವೆಯಲೆಂದೇ ಒಳಗಿರುವ ಮೆಗ್ನೀಸಿಯಂ ಸಲಾಕೆಯನ್ನು ನೋಡಿಸಬೇಕು. ಬಕೆಟ್ಟಿಗೆ ಹಾಕುವ ರಾಡಾದರೆ ಪ್ಲಾಸ್ಟಿಕ್ ಬಕೆಟ್, ಗೆರೆಯವರೆಗೆ ನೀರು, ಬೆರಳು ಅದ್ದಿ ನೋಡುವ ಮೊದಲು ಪಿನ್ನು ಹೊರಗೆ. ಕರೆಂಟು ಸೋರಿದೊಡನೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮನೆಗೆ ಒಂದಿದ್ದರೆ ಮಾಮಾನ ರಬ್ಬರ್ ಚಪ್ಪಲಿಗೆ ಕೆಲಸವಿಲ್ಲ. ಗ್ಯಾಸ್ ಗೀಸರಿನ ವಿಷಯದಲ್ಲಿ ಮಾತ್ರ ನಾನು ನಗುವುದಿಲ್ಲ, ಮಾಮಾನಿಗೂ ಬಾಯಿ ತೆರೆಯಗೊಡುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟುತ್ತದೆ. ಯಂತ್ರವೂ ಸಿಲಿಂಡರೂ ಹೊರಗಿರಬೇಕು, ಪೈಪು ಮಾತ್ರ ಒಳಗೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ಪ್ರತಿ ಮಳೆಗಾಲ ಕಲ್ಲೋಳ–ಯಡೂರು ಬ್ಯಾರೇಜ್ ಮುಳುಗುವುದು ನಮಗೆ ಸುದ್ದಿಯೇ ಅಲ್ಲ. ಆ ವರ್ಷದ್ದು ಸುದ್ದಿ. ಟ್ರ್ಯಾಕ್ಟರಿಗೆ ಮೊದಲು ಏರಿದ್ದು ಬಂಬ, ಆಮೇಲೆ ಎಮ್ಮೆ, ಆಮೇಲೆ ನಾವು. ನೀರಿಳಿದ ಮೇಲೆ ಮಾಮಾ, ಗೀಸರನ್ನು ಎರಡು ದಿನ ಬಿಸಿಲಿಗಿಟ್ಟು ಹಚ್ಚಿರಿ ಎಂದು ಓಣಿಗೆಲ್ಲ ಹೇಳುತ್ತ ಹೊರಟಿದ್ದರು. ಹೊರಗೆ ಒಣಗಿದರೂ ಒಳಗೆ ರೇವೆಯ ಮಣ್ಣು ಕೂತಿರುತ್ತದೆ, ವೈರಮನ್ ನೋಡದೆ ಪಿನ್ನು ಹಾಕಬೇಡಿ ಎಂದು ನಾನು ಅವರ ಬೆನ್ನ ಹಿಂದೆಯೇ ಹೋದೆ. ಊರಲ್ಲಿ ಮೊದಲ ಬಾರಿ ನನ್ನ ಮಾತು ನಡೆಯಿತು. ಕರೆಂಟೇ ಇರಲಿಲ್ಲ.

ಬಂಬ ಮರಳಿ ತನ್ನ ಪೀಠಕ್ಕೆ ಬಂತು. ಆಮೇಲೆ ಮನೆಗೆ ಫೈಬರ್ ಬಂದಾಗ ತಂತಿ ಎಳೆಯುವ ಹುಡುಗನಿಗೆ ಗೋಡೆ ಕೊರೆಯಲಾಗಲಿಲ್ಲ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಅವನ ಡ್ರಿಲ್ಲೇ ಸೋತಿತು. ಬಚ್ಚಲಿನ ಬೆಳಕಿಂಡಿಯಿಂದ ತಂತಿ ನುಗ್ಗಿಸಿ, ಬಂಬದ ಹಿಂದೆ ಮೊಳೆ ಹೊಡೆದು ರೌಟರ್ ತೂಗುಹಾಕಿ ಹೋದ. ತಾಮ್ರ ಅಲೆಗಳನ್ನು ತಡೆದು ಹಿಂದಕ್ಕಟ್ಟುತ್ತದೆ, ನೀರು ಹೀರಿಕೊಳ್ಳುತ್ತದೆ, ದಾಟಿ ಬಂದದ್ದನ್ನು ಕಲ್ಲು ನುಂಗುತ್ತದೆ. ಇಡೀ ಮನೆಯಲ್ಲಿ ಪೂರ್ಣ ಸಿಗ್ನಲ್ ಸಿಗುತ್ತಿದ್ದದ್ದು ಸ್ನಾನ ಮಾಡುವವರಿಗೆ. ಮಗಳು ಹಿಂದಿನ ಕೋಣೆಯಲ್ಲಿ ಪಾಠ ಕೇಳಲು ಕೂತರೆ ಫೋನು ಮನೆಯ ವೈಫೈ ಬಿಟ್ಟು ಹೊಳೆಯಾಚೆಯ ಟವರಿಗೆ ಜಿಗಿಯುತ್ತಿತ್ತು. ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತಿತ್ತು. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗುವ ಅವ್ವ ದಿನಕ್ಕೆರಡು ಸಲ ರಾಜ್ಯ ದಾಟಿ ಬರುತ್ತಿದ್ದಳು.

ಮಾಮಾ ಹೆಚ್ಚಿನ ವೇಗದ ಪ್ಲಾನ್ ತಗೋ ಎಂದರು. ವೇಗ ರೌಟರಿನ ತನಕ ಬಂದೇ ಇತ್ತು, ಗೋಡೆ ದಾಟಬೇಕಿತ್ತು. ನಾನು ರೌಟರನ್ನು ನಡುಮನೆಗೆ ತಂದು ತಿಜೋರಿಯಿಂದ ದೂರ, ಎತ್ತರದಲ್ಲಿಟ್ಟೆ. ಹಿಂದಿನ ಕೋಣೆಗೆ ಕ್ಯಾಟ್-6 ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ ಕೂರಿಸಿದೆ. 100 ಮೀಟರಿನ ತನಕ ಆ ಕೇಬಲ್ಲಿಗೆ ದಣಿವಿಲ್ಲ, ಯಾವ ಗೋಡೆಯ ಹಂಗೂ ಇಲ್ಲ. ದಪ್ಪ ಗೋಡೆಯ ಮನೆಗೆ 2.4 ಗಿಗಾಹರ್ಟ್ಸ್, ಎದುರಿಗೇ ಕೂತವರಿಗೆ 5 ಗಿಗಾಹರ್ಟ್ಸ್. ಈ ಐದಕ್ಕೂ ಮೊಬೈಲಿನ 5ಜಿಗೂ ನಂಟಿಲ್ಲವೆಂದು ಮಾಮಾನಿಗೆ ಇನ್ನೂ ಒಪ್ಪಿಸಲಾಗಿಲ್ಲ. ಪ್ಲಾನಿನ 100 ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಇಳಿಯುವ ಮೆಗಾಬೈಟ್ ಸಿಗುತ್ತದೆ, ಹನ್ನೆರಡೂವರೆ. ಕಾಟಾದ ಮೇಲೆ ಕೂತವರಿಗೆ ಈ ಕಡಿತ ತಕ್ಷಣ ತಿಳಿಯಿತು. ಲೋಡ್‌ಶೆಡ್ಡಿಂಗಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಚ್ಚಿದೆ. ಧೂಳು ಕೂರುತ್ತದೆಂದು ಅವ್ವ ರೌಟರಿಗೆ ಹೊದಿಸುವ ಖಣದ ಬಟ್ಟೆಯನ್ನು ದಿನವೂ ತೆಗೆಯುತ್ತೇನೆ, ಇಲ್ಲದಿದ್ದರೆ ಅದೂ ಒಂದು ಬಂಬ.

ಪಾಸ್‌ವರ್ಡ್ ಮಾತ್ರ ನನ್ನ ಕೈಯಲ್ಲಿ ಉಳಿಯಲಿಲ್ಲ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಸೇರಿಸಿ ಹೆಣೆದದ್ದನ್ನು ಮಾಮಾ ಒಂದೇ ವಾರದಲ್ಲಿ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ ಹೇಳಿದರು, ನೀರು ಕೇಳಿದವರಿಗೆ ಇಲ್ಲ ಎನ್ನಬಾರದಂತೆ. ಕೊನೆಗೆ ಅತಿಥಿಗಳಿಗೆಂದೇ ಬೇರೆ ವೈಫೈ ಹೆಸರು ಮಾಡಿ, ಮನೆಯ ಯಂತ್ರಗಳಿಗೆ ಅದರಿಂದ ದಾರಿಯಿಲ್ಲದಂತೆ ಮಾಡಿ, ಓಣಿಗೆ ಬಿಟ್ಟುಕೊಟ್ಟೆ.

ಮೊನ್ನೆ ಭಾನುವಾರ ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಕರೆ ಬಂತು. ಡಬ್ಬಿಯ ಹುಡುಗ. "ಸರ್, ನೀವು ಹೇಳಿದಂಗ ಅಪಾಯಿಂಟ್‌ಮೆಂಟ್ ಕೇಳಾಕ ಫೋನ್ ಮಾಡೇನ್ರಿ. ಗುರುತಿನ ಚೀಟಿನೂ ಮಾಡಿಸೇನಿ. ಯಾವಾಗ ಬರ್ಲಿ?"

"ಇವತ್ತ ಆಗೂದಿಲ್ಲ ತಮ್ಮಾ. ನಾನು ಚಿಕ್ಕೋಡ್ಯಾಗ ಅದೇನಿ," ಎಂದೆ.

"ಇಲ್ಲ ಬಿಡ್ರಿ ಸರ್, ನೀವು ಕೆಮ್ಮಿದ್ದು ಕೇಳ್ತು. ನಿಮ್ಮ ಕಟ್ಟಿ ಮ್ಯಾಲೇ ಕುಂತೇನಿ, ನಿಮ್ಮದ ವೈಫೈ ಹಚ್ಚಿ ಮಾತಾಡಾಕತ್ತೇನಿ. ಮಾಮಾರೂ ಅದಾರ. ಚಾ ಆಗೇತಂತ, ಬರ್ರಿ ಹೊರಗ."